ಕುಂತ ಗಾಡಿಯ ಹವಾ ಎಲ್ಲಿ ಹೋಯಿತು?

"ರಾತ್ರಿ ಛಲೋ ನಿಂತಿತ್ರಿ, ಮುಂಜಾನೆ ನೋಡಿದ್ರ ಕುಂತದ." ಏರ್ ಸಸ್ಪೆನ್ಷನ್ ಇರುವ ಗಾಡಿಯ ಮಾಲೀಕರು ಗ್ಯಾರೇಜಿನ ಮುಂದೆ ಆಡುವ ಮೊದಲ ಮಾತು ಬಹಳ ಸಲ ಇದೇ. ರೋಗ ಪತ್ತೆಯ ಅರ್ಧ ಕೆಲಸ ಈ ಮಾತಿನಲ್ಲೇ ಮುಗಿದಿರುತ್ತದೆ. ರಾತ್ರಿ ಸರಿಯಾದ ಎತ್ತರದಲ್ಲಿ ನಿಂತಿತ್ತು ಎಂದರೆ ಗಾಡಿಯನ್ನು ಎತ್ತುವ ತ್ರಾಣ ಕಂಪ್ರೆಸರ್‌ಗೆ ಇನ್ನೂ ಇದೆ. ಮುಂಜಾನೆ ಕುಂತಿದೆ ಎಂದರೆ ತುಂಬಿದ ಹವಾ ಎಲ್ಲೋ ಸೋರಿದೆ. ಹೀಗಿದ್ದೂ ಮೊದಲು ಬಿಚ್ಚಿಸಿಕೊಳ್ಳುವುದು, ಮೊದಲು ಬದಲಾಗುವುದು ಕಂಪ್ರೆಸರೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಮೂರು ತಿಂಗಳು ಕಳೆದು ಹೊಸ ಕಂಪ್ರೆಸರೂ ಸುಟ್ಟಾಗ "ಈ ಗಾಡಿಗಳೇ ಹಂಗ" ಎಂದು ಎಲ್ಲರೂ ಕೈಚೆಲ್ಲುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಏರ್ ಸಸ್ಪೆನ್ಷನ್‌ನ ಬಹುತೇಕ ದೋಷಗಳನ್ನು ತಾಳ್ಮೆಯಿಂದ ಅಳೆದು ನೋಡಿದರೆ ಸಣ್ಣ ಊರಿನ ಶೆಡ್ಡಿನಲ್ಲೂ ಪತ್ತೆ ಹಚ್ಚಬಹುದು.

ಕಲಬುರಗಿ ಸೀಮೆಗೆ ಈ ಪ್ರಶ್ನೆ ಬೇರೆ ಕಡೆಗಿಂತ ಹೆಚ್ಚು ಮುಖ್ಯ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನಲ್ಲಿ ಇಂಥ ಗಾಡಿ ಕುಂತರೆ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಹೈದರಾಬಾದೋ ಪುಣೆಯೋ ಬೆಂಗಳೂರೋ ಗತಿ. ನೆಲಕ್ಕೆ ಕುಂತ ಗಾಡಿಯನ್ನು ಎಳೆಯುವುದೂ ಸುಲಭವಲ್ಲ. ಚಕ್ರದ ಮೇಲಿನ ಕಮಾನು ಟೈರಿಗೆ ತಾಗುವಷ್ಟು ಇಳಿದಿರುತ್ತದೆ, ಟೋಯಿಂಗ್ ಲಾರಿಯ ಇಳಿಜಾರು ಹತ್ತಿಸುವಾಗ ಮುಂದಿನ ಬಂಪರ್ ಕೆರೆದುಹೋಗುತ್ತದೆ. ನಗರಗಳಲ್ಲಿ ಐದಾರು ವರ್ಷ ಓಡಿದ ದುಬಾರಿ ಎಸ್‌ಯುವಿಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದಾಗ ಬೆಲೆ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ರಬ್ಬರು, ಸೀಲು, ವಾಲ್ವುಗಳು ದಣಿಯುವುದೂ ಅದೇ ವಯಸ್ಸಿನಲ್ಲಿ. ಕೊಂಡವರಿಗೆ ಗಾಡಿ ಅಗ್ಗಕ್ಕೆ ಸಿಕ್ಕಿರುತ್ತದೆ, ಅದರ ಬಿಡಿಭಾಗಗಳಿಗೆ ಮಾತ್ರ ಹೊಸ ಗಾಡಿಯ ದರವೇ.

ನಮ್ಮ ಕಡೆಯ ಹಳೆಯ ಜೀಪು, ಟ್ರ್ಯಾಕ್ಸ್, ಬೊಲೆರೊಗಳ ಹಿಂಬದಿಯಲ್ಲಿರುವುದು ಕಬ್ಬಿಣದ ಪಟ್ಟಿ. ಪಟ್ಟಿ ಮುರಿದರೆ ಕಣ್ಣಿಗೆ ಕಾಣುತ್ತದೆ, ತಾಲ್ಲೂಕು ಕೇಂದ್ರದಲ್ಲಿ ಯಾವ ಶೆಡ್ಡಿಗೆ ಹೋದರೂ ಬದಲಾಯಿಸಿ ಕೊಡುತ್ತಾರೆ. ಹವಾದ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಹಾಗಿದ್ದರೂ ತಯಾರಕರು ಹವಾದ ಬೆನ್ನು ಹತ್ತಿದ್ದಕ್ಕೆ ಕಾರಣವಿದೆ. ಪಟ್ಟಿಯಾಗಲಿ ಕಾಯಿಲ್ ಸ್ಪ್ರಿಂಗ್ ಆಗಲಿ ಭಾರ ಬಿದ್ದಷ್ಟೂ ಕುಗ್ಗುತ್ತದೆ. ಹವಾದ ಚೀಲಕ್ಕೆ ಇನ್ನಷ್ಟು ಒತ್ತಡ ತುಂಬಿದರೆ ಒಬ್ಬರು ಕುಳಿತರೂ ಏಳು ಜನ ಕುಳಿತರೂ ಗಾಡಿ ಅದೇ ಎತ್ತರದಲ್ಲಿ ನಿಲ್ಲುತ್ತದೆ. ಹೆದ್ದಾರಿಯಲ್ಲಿ ತಗ್ಗಿಸಿಕೊಳ್ಳಬಹುದು, ಹೊಲದ ದಾರಿಯಲ್ಲಿ ಎತ್ತಿಸಿಕೊಳ್ಳಬಹುದು. 1950ರ ದಶಕದಲ್ಲೇ ಅಮೆರಿಕದ ದೂರಪ್ರಯಾಣದ ಬಸ್ಸುಗಳು ಹವಾದ ಮೇಲೆ ಓಡತೊಡಗಿದ್ದವು. ನಾಲ್ಕೂ ಚಕ್ರ ಎಳೆಯುವ ಕಾಡುಮೇಡಿನ ಗಾಡಿಗಳಿಗೆ ಎಲೆಕ್ಟ್ರಾನಿಕ್ ನಿಯಂತ್ರಣದ ಏರ್ ಸಸ್ಪೆನ್ಷನ್ ಬಂದದ್ದು 1992ರಲ್ಲಿ, ರೇಂಜ್ ರೋವರ್ ಮೂಲಕ. 2004ರಲ್ಲಿ ಅದೇ ಕಂಪನಿಯಿಂದ ಬಂದ ಡಿಸ್ಕವರಿ 3ರಲ್ಲಿ ನೆಲದಿಂದ ಇರುವ ಅಂತರವನ್ನು 185 ಮಿಲಿಮೀಟರ್‌ನಿಂದ 240ಕ್ಕೆ ಏರಿಸುವ ಗುಂಡಿ ಡ್ರೈವರ್ ಕೈಗೆ ಸಿಕ್ಕಿತು. ಕಬ್ಬಿನ ಹಂಗಾಮಿನಲ್ಲಿ ಭೂಸನೂರು, ಹಾವಳಗಾ ಕಾರ್ಖಾನೆಗಳ ಸುತ್ತಿನ ದಾರಿಗಳು ಟ್ರ್ಯಾಕ್ಟರ್ ಗಾಲಿಗೆ ಹೇಗೆ ಕಂದಕ ಬೀಳುತ್ತವೆ ಎಂದು ಬಲ್ಲವರಿಗೆ ಆ 55 ಮಿಲಿಮೀಟರ್ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

ಒಳಗಿನ ಏರ್ಪಾಡು ಇಷ್ಟು. ವಿದ್ಯುತ್ತಿನಿಂದ ನಡೆಯುವ ಒಂದು ಸಣ್ಣ ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದರ ತೇವವನ್ನು ಡ್ರೈಯರ್‌ನ ಕಾಳುಗಳು ಹೀರುತ್ತವೆ. ಒಣಗಿದ ಹವಾ ವಾಲ್ವ್ ಬ್ಲಾಕ್ ದಾಟಿ ನಾಲ್ಕು ಮೂಲೆಯ ರಬ್ಬರ್ ಚೀಲಗಳಿಗೆ ಹೋಗುತ್ತದೆ, ಉಳಿದದ್ದು ಟ್ಯಾಂಕಿನಲ್ಲಿ ದಾಸ್ತಾನಾಗುತ್ತದೆ. ಪ್ರತಿ ಚಕ್ರದ ಬಳಿ ಒಂದು ಹೈಟ್ ಸೆನ್ಸರ್ ಇರುತ್ತದೆ, ಗಾಡಿಯ ಎತ್ತರವನ್ನು ಕಂಪ್ಯೂಟರ್‌ಗೆ ಹೇಳುವುದು ಅದರ ಕೆಲಸ. ಕಾರಿನ ಟೈರಿನಲ್ಲಿ ಎರಡು ಬಾರ್‌ಗಿಂತ ತುಸು ಹೆಚ್ಚು ಒತ್ತಡ ಇದ್ದರೆ ಇಲ್ಲಿ ಅದರ ಮೂರು ನಾಲ್ಕು ಪಟ್ಟು ಇರುತ್ತದೆ. ಈ ಒತ್ತಡಕ್ಕೆ ಕೂದಲೆಳೆಯ ಬಿರುಕು ಸಾಕು.

ರೋಗ ಪತ್ತೆ ಶುರುವಾಗಬೇಕಾದದ್ದು ಗಾಡಿ ಕುಂತ ರೀತಿಯಿಂದ. ಒಂದೇ ಮೂಲೆ ಕುಂತಿದ್ದರೆ ಆ ಮೂಲೆಯ ಚೀಲ, ಅದರ ಪೈಪು, ಪೈಪು ಸೇರುವ ನಿಪ್ಪಲ್ ನೋಡಬೇಕು. ಮುಂದಿನ ಅಥವಾ ಹಿಂದಿನ ಎರಡೂ ಮೂಲೆ ಒಟ್ಟಿಗೆ ಇಳಿದಿದ್ದರೆ ಆ ಆಕ್ಸಲ್‌ನ ವಾಲ್ವ್ ಬ್ಲಾಕ್ ಮೇಲೆ ಅನುಮಾನ. ನಾಲ್ಕೂ ಮೂಲೆ ಸಮನಾಗಿ ಇಳಿದಿದ್ದರೆ ಎಲ್ಲ ಕಡೆಯಿಂದಲೂ ಸೋರುತ್ತಿದೆ ಎಂದು ತಿಳಿಯುವುದು ಸಹಜ. ದುಡ್ಡು ಹೆಚ್ಚು ಪೋಲಾಗುವುದು ಇಲ್ಲೇ. ಅನೇಕ ಗಾಡಿಗಳಲ್ಲಿ ಕೀಲಿ ತೆಗೆದು ನಿಲ್ಲಿಸಿದ ಮೇಲೂ ಕಂಪ್ಯೂಟರ್ ಕೆಲವು ಗಂಟೆಗಳಿಗೊಮ್ಮೆ ಎಚ್ಚರಗೊಂಡು ಎತ್ತರ ಸರಿ ಮಾಡುತ್ತದೆ. ಆಗ ಎಂಜಿನ್ ನಿಂತಿರುತ್ತದೆ, ಕಂಪ್ರೆಸರ್ ಓಡುವಂತಿಲ್ಲ. ಆದ್ದರಿಂದ ಅದು ಕುಂತ ಮೂಲೆಯನ್ನು ಎತ್ತುವ ಬದಲು ಉಳಿದ ಮೂರನ್ನು ಅದರ ಮಟ್ಟಕ್ಕೆ ಇಳಿಸುತ್ತದೆ. ಸೋರುವುದು ಒಂದು ಚೀಲ, ಕೂಡುವುದು ಇಡೀ ಗಾಡಿ. ಇದನ್ನು ಅರಿಯದೆ ನಾಲ್ಕೂ ಚೀಲ ಬದಲಾಯಿಸಿದವರಿದ್ದಾರೆ.

ಇದಕ್ಕೆ ಉಪಾಯ ಬಹಳ ಸರಳ. ಸಂಜೆ ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಸಸ್ಪೆನ್ಷನ್ನಿನ ಫ್ಯೂಸ್ ತೆಗೆದುಬಿಡಬೇಕು. ಕಂಪ್ಯೂಟರ್‌ನ ಕೈ ಕಟ್ಟಿದಂತಾಗುತ್ತದೆ. ಇನ್ನು ಯಾವ ಮೂಲೆ ಇಳಿದರೂ ಅದು ಅದೇ ಮೂಲೆಯ ಸೋರಿಕೆ. ಚಕ್ರದ ನಡುಮಧ್ಯದಿಂದ ಮೇಲಿನ ಕಮಾನಿನ ಅಂಚಿನವರೆಗೆ ಟೇಪು ಹಿಡಿದು ನಾಲ್ಕೂ ಕಡೆ ಅಳೆದು ಬರೆದಿಟ್ಟು, ಮುಂಜಾನೆ ಮತ್ತೆ ಅಳೆಯಬೇಕು. ನೆಲದಿಂದ ಅಳೆದರೆ ಟೈರಿನ ಹವಾದ ಏರಿಳಿತವೂ ಲೆಕ್ಕದಲ್ಲಿ ಸೇರಿಬಿಡುತ್ತದೆ.

ಅಫಜಲಪುರ ರಸ್ತೆಯ ಒಂದು ಶೆಡ್ಡಿನಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಈ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಬೇರೆ ಊರಿನಲ್ಲಿ ಕಂಪ್ರೆಸರ್ ಬದಲಾಯಿಸಿಕೊಂಡು ಬಂದಿದ್ದ ಗಾಡಿ ಅದು, ಮತ್ತೆ ಕುಂತಿತ್ತು. "ಸಾವ್ಕಾರ್ರ, ಇವತ್ತ ಬಿಚ್ಚಂಗಿಲ್ಲ. ಗಾಡಿ ಬಿಟ್ಟು ಹೋಗ್ರಿ, ಮುಂಜಾನೆ ಬರ್ರಿ" ಎಂದು ಮಾಲೀಕರನ್ನು ಕಳಿಸಿಬಿಟ್ಟರು. ಬೋನೆಟ್ಟಿನ ಒಳಬದಿಗೆ ಕಾಗದದ ಟೇಪು ಅಂಟಿಸಿ ನಾಲ್ಕು ಅಂಕಿ ಬರೆದರು. ಮುಂಜಾನೆ ಮೂರು ಮೂಲೆ ಹೆಚ್ಚುಕಡಿಮೆ ಹಾಗೇ ಇದ್ದವು, ಹಿಂದಿನ ಎಡಗಡೆ ಮಾತ್ರ ನಾಲ್ಕು ಬೆರಳು ಇಳಿದಿತ್ತು. ಆ ಚೀಲಕ್ಕೆ ಸಾಬೂನು ನೀರು ಹಚ್ಚಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಪೈಪಿನ ಜೋಡಣೆಯಲ್ಲೂ ಇಲ್ಲ. ಪಕ್ಕದ ಹುಡುಗ ಆಗಲೇ ವಾಲ್ವ್ ಬ್ಲಾಕ್ ಬಿಚ್ಚಲು ಸ್ಪ್ಯಾನರ್ ತಂದಿದ್ದ. ಮಿಸ್ತ್ರಿ ಅವನನ್ನು ತಡೆದು, ಫ್ಯೂಸ್ ಹಾಕಿ ಗಾಡಿಯನ್ನು ಪೂರ್ತಿ ಎತ್ತರಕ್ಕೆ ಏರಿಸಿ, ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಮತ್ತೆ ಸಾಬೂನು ನೀರು ಸುರಿದರು. ಚೀಲದ ಕೆಳಭಾಗದಲ್ಲಿ ರಬ್ಬರು ಮಡಿಕೆ ಬೀಳುವ ಜಾಗದಿಂದ ಸಾಸಿವೆಯಷ್ಟು ಸಣ್ಣ ನೊರೆ ಸಾಲಾಗಿ ಹೊರಟಿತು. ಮಾಮೂಲಿ ಎತ್ತರದಲ್ಲಿ ಆ ಬಿರುಕು ಮಡಿಕೆಯೊಳಗೆ ಅಡಗಿ ಕಣ್ಣು ತಪ್ಪಿಸುತ್ತಿತ್ತು, ಅದಕ್ಕೇ ನಿಧಾನವಾಗಿ ಸೋರುತ್ತಿತ್ತು.

ಆ ಮಡಿಕೆಯೇ ಈ ಚೀಲಗಳ ಆಯಕಟ್ಟಿನ ಜಾಗ. ಚಕ್ರ ಮೇಲೆ ಕೆಳಗೆ ಆಡಿದಂತೆ ರಬ್ಬರು ಅಲ್ಲಿ ಒಳಗೂ ಹೊರಗೂ ಸುರುಳಿಯಾಗುತ್ತದೆ. ಎರೆಮಣ್ಣಿನ ದೂಳು ಒಳಗೆ ಕೂತರೆ ಪ್ರತಿ ಸುರುಳಿಗೂ ರಬ್ಬರನ್ನು ಉಜ್ಜುತ್ತದೆ. ಹಾಗಾಗಿ ಸೋರಿಕೆಯನ್ನು ತಗ್ಗು, ಮಧ್ಯ, ಎತ್ತರ ಮೂರೂ ಮಟ್ಟದಲ್ಲಿ ಹುಡುಕಬೇಕು. ಸಾಬೂನು ನೀರು ಹಚ್ಚಿದ ಕೂಡಲೇ ಕೈ ತೆಗೆಯಬಾರದು, ಸಣ್ಣ ಸೋರಿಕೆ ನೊರೆ ಕಟ್ಟಲು ಒಂದೆರಡು ನಿಮಿಷ ಬೇಕು. ಚೀಲ ಸರಿಯಿದ್ದು ಪೈಪಿನ ಜೋಡಣೆಯಲ್ಲಿ ಗುಳ್ಳೆ ಬಂದರೆ ದುಬಾರಿ ಕೆಲಸವೇನಲ್ಲ. ನೈಲಾನ್ ಪೈಪಿನ ತುದಿಯಲ್ಲಿ ಹಳೆಯ ಹಿಡಿತದ ಗೆರೆ ಬಿದ್ದಿರುತ್ತದೆ. ಅಷ್ಟು ತುದಿಯನ್ನು ಹರಿತ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಹೊಸ ಮೈಯನ್ನು ಒಳಗೆ ಕೂರಿಸಿದರೆ ಸಾಕು. ವಾಲ್ವ್ ಬ್ಲಾಕಿನ ಒಳಗಿನ ಓ-ರಿಂಗ್‌ಗಳು ವಯಸ್ಸಾದಂತೆ ಗಟ್ಟಿಯಾಗುತ್ತವೆ. ಅವುಗಳ ಸೋರಿಕೆ ಹೊರಗೆ ಕಾಣದೆ ಒಂದು ಕೋಣೆಯಿಂದ ಇನ್ನೊಂದಕ್ಕೆ ನುಸುಳುವುದುಂಟು, ಪತ್ತೆಗೆ ಅತ್ಯಂತ ಕಷ್ಟದ್ದು ಅದೇ.

ಒಂದು ಎಚ್ಚರಿಕೆ ಹೇಳಬೇಕು. ಫ್ಯೂಸ್ ತೆಗೆದಾಗ ಮುಂಜಾನೆ ನಾಲ್ಕೂ ಮೂಲೆ ಸ್ವಲ್ಪ ಇಳಿದಿದ್ದರೆ ಗಾಬರಿಯಾಗಬೇಕಿಲ್ಲ. ಮಾರ್ಚ್ ತಿಂಗಳಲ್ಲಿ ಸಂಜೆ 40 ಡಿಗ್ರಿ ಇದ್ದ ಹವಾ ನಸುಕಿಗೆ 20 ಡಿಗ್ರಿಗೆ ತಣಿದರೆ ಅದರ ಗಾತ್ರ ನೂರಕ್ಕೆ ಆರು ಪಾಲಿನಷ್ಟು ಕುಗ್ಗುತ್ತದೆ. ಅಷ್ಟಕ್ಕೆ ಗಾಡಿ ಕೆಲವು ಮಿಲಿಮೀಟರ್ ತಗ್ಗುವುದು ಪ್ರಕೃತಿ ನಿಯಮ. ಒಂದು ಮೂಲೆ ಉಳಿದವುಗಳಿಗಿಂತ ಎಷ್ಟು ಬೇರೆಯಾಗಿ ಇಳಿದಿದೆ ಎಂಬುದನ್ನು ನೋಡಬೇಕು.

ಈಗ ಕಂಪ್ರೆಸರ್ ಮಾತು. ಇದು ತಾಸುಗಟ್ಟಲೆ ಓಡಲು ಮಾಡಿದ ಯಂತ್ರವಲ್ಲ. ಸ್ವಲ್ಪ ಹೊತ್ತು ಓಡಿ, ಟ್ಯಾಂಕು ತುಂಬಿ, ನಿಂತು ತಣಿಯಬೇಕು. ಎಲ್ಲೋ ಸೋರಿಕೆ ಇದ್ದರೆ ಅದಕ್ಕೆ ಬಿಡುವೇ ಇಲ್ಲ. ಪಿಸ್ಟನ್ ಸೀಲು ಸವೆಯುತ್ತದೆ, ಸವೆದಷ್ಟೂ ಇನ್ನೂ ಹೆಚ್ಚು ಹೊತ್ತು ಓಡಬೇಕಾಗುತ್ತದೆ, ಬಿಸಿ ಮಿತಿ ಮೀರಿದಾಗ ಕಂಪ್ಯೂಟರ್ ಅದನ್ನು ನಿಲ್ಲಿಸಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹಚ್ಚುತ್ತದೆ. ಸ್ಕ್ಯಾನರ್ ಹಾಕಿದರೆ "ಟ್ಯಾಂಕಿನ ಒತ್ತಡ ನಿಧಾನವಾಗಿ ಏರುತ್ತಿದೆ" ಎಂಬ ಅರ್ಥದ ಕೋಡು ಬರುತ್ತದೆ. ಒತ್ತಡ ನಿಧಾನವಾಗಿ ಏರಿದೆ ಎಂಬುದಷ್ಟೇ ಆ ಕೋಡಿನ ಸಾಕ್ಷಿ. ಕಂಪ್ರೆಸರ್ ಸೋತಿದ್ದರಿಂದ ಹಾಗಾಯಿತೋ, ತುಂಬಿದ್ದೆಲ್ಲ ಸೋರಿದ್ದರಿಂದ ಆಯಿತೋ, ಗಾಳಿ ಎಳೆಯುವ ಫಿಲ್ಟರು ದೂಳಿನಿಂದ ಮುಚ್ಚಿದ್ದರಿಂದ ಆಯಿತೋ ಅದಕ್ಕೆ ಗೊತ್ತಿಲ್ಲ. ತೊಗರಿ ರಾಶಿ, ಕಬ್ಬು ಸಾಗಣೆಯ ಕಾಲದಲ್ಲಿ ನಮ್ಮ ದಾರಿಗಳಲ್ಲಿ ಏಳುವ ದೂಳನ್ನು ನೆನೆದರೆ ಮೊದಲು ನೋಡಬೇಕಾದದ್ದು ಆ ಸಣ್ಣ ಫಿಲ್ಟರನ್ನೇ. ಎಲ್ಲಕ್ಕಿಂತ ಅಗ್ಗದ ಬಿಡಿಭಾಗ ಅದು, ಎಲ್ಲರೂ ಮರೆಯುವುದೂ ಅದನ್ನೇ.

ಡ್ರೈಯರ್ ಕೆಟ್ಟರೆ ರೋಗ ಇಡೀ ಮೈಗೆ ಹರಡುತ್ತದೆ. ಒಳಗಿನ ಕಾಳುಗಳು ತೇವ ಹೀರಿ ಹೀರಿ ಕೊನೆಗೆ ಪುಡಿಯಾಗಿ, ಬಿಳಿ ಹಿಟ್ಟು ಪೈಪಿನುದ್ದಕ್ಕೂ ಸಾಗಿ ವಾಲ್ವುಗಳ ಬಾಯಲ್ಲಿ ಕೂರುತ್ತದೆ. ವಾಲ್ವು ಪೂರ್ತಿ ಮುಚ್ಚದಿದ್ದರೆ ಸೋರಿಕೆ, ಹವಾ ಹೊರಬಿಡುವ ದಾರಿ ಕಟ್ಟಿದರೆ ಗಾಡಿ ಏರುತ್ತದೆ, ಇಳಿಯುವುದಿಲ್ಲ. ಪೈಪು ಬಿಚ್ಚಿದಾಗ ಬಿಳಿ ಪುಡಿ ಕಂಡರೆ ಬರಿ ಕಂಪ್ರೆಸರ್ ಬದಲಾಯಿಸಿ ಪ್ರಯೋಜನವಿಲ್ಲ, ಡ್ರೈಯರ್ ಹೊಸದು ಹಾಕಿ ಪೈಪುಗಳನ್ನೆಲ್ಲ ಊದಿ ತೊಳೆಯಬೇಕು. ಕಂಪ್ರೆಸರ್ ಬದಲಾಯಿಸುವಾಗ ಅದರ ರಿಲೇಯನ್ನೂ ಬದಲಾಯಿಸುವುದು ಒಳ್ಳೆಯದು. ಹಳೆಯ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೇ ಓಡಿ ಹೊಸದೂ ಸುಟ್ಟುಹೋಗುತ್ತದೆ.

ಗಾಡಿ ಒಂದು ಕಡೆ ವಾಲಿದೆ, ಫ್ಯೂಸ್ ತೆಗೆದಿಟ್ಟರೆ ರಾತ್ರಿಯಿಡೀ ಎಲ್ಲೂ ಇಳಿಯುವುದಿಲ್ಲ. ಆಗ ಹವಾದ ಕಡೆ ಬಿಟ್ಟು ಸೆನ್ಸರ್ ನೋಡಬೇಕು. ಮಳೆಗಾಲದಲ್ಲಿ ನಮ್ಮ ಕರಿ ಎರೆಮಣ್ಣು ಚಕ್ರದೊಳಗೆ ಮೆತ್ತಿಕೊಂಡು, ಬಿಸಿಲಿಗೆ ಗಟ್ಟಿಯಾಗಿ, ಸೆನ್ಸರಿನ ಸಣ್ಣ ತೋಳನ್ನು ಹಿಡಿದಿಡುತ್ತದೆ, ಒಮ್ಮೊಮ್ಮೆ ಮುರಿಯುತ್ತದೆ. ತೋಳು ಸುಳ್ಳು ಎತ್ತರ ಹೇಳಿದರೆ ಕಂಪ್ಯೂಟರ್ ನಂಬಿ ಆ ಮೂಲೆಯನ್ನು ತಪ್ಪು ಎತ್ತರಕ್ಕೆ ಒಯ್ಯುತ್ತದೆ. ಕೆಸರಿನಲ್ಲಿ ಓಡಿಸಿ ಬಂದ ದಿನವೇ ಚಕ್ರದ ಒಳಮೈಗೆ, ತೋಳುಗಳ ಸುತ್ತ, ಚೀಲದ ಮಡಿಕೆಗೆ ನೀರು ಬಿಟ್ಟು ಮಣ್ಣು ಇಳಿಸಿದರೆ ಅರ್ಧ ದುರಸ್ತಿ ಉಳಿಯುತ್ತದೆ. ಹೆಚ್ಚು ಒತ್ತಡದ ವಾಷಿಂಗ್ ಗನ್ನನ್ನು ಸೆನ್ಸರಿನ ಕನೆಕ್ಟರ್ ಮೇಲೆ ಹಿಡಿಯಬಾರದು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ನಿಂತ ನೀರಿನಲ್ಲಿ ಮುಳುಗಿದ ಗಾಡಿಯ ಕಂಪ್ರೆಸರನ್ನು ನೀರಿಳಿದ ಕೂಡಲೇ ಚಾಲೂ ಮಾಡಿದರೆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮೊದಲು ಫ್ಯೂಸ್ ತೆಗೆದು, ಗಾಳಿ ಎಳೆಯುವ ಪೈಪನ್ನು ಒಣಗಿಸಿ, ಕನೆಕ್ಟರ್‌ಗಳನ್ನು ಬಿಚ್ಚಿ ನೋಡಬೇಕು.

ಇನ್ನು ಸಸ್ಪೆನ್ಷನ್ನಿಗೆ ಸಂಬಂಧವೇ ಇಲ್ಲದ ಕಾರಣಗಳು. ಬ್ಯಾಟರಿ ಬಡವಾಗಿದ್ದರೆ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಬಿದ್ದು ಸಸ್ಪೆನ್ಷನ್ ದೀಪ ಹೊತ್ತಿಕೊಳ್ಳುವುದುಂಟು. ಡಿಸ್ಕವರಿ 3ರ ಕಾಲದ ಗಾಡಿಗಳಲ್ಲಿ ಬ್ರೇಕ್ ಪೆಡಲ್ ಮೇಲಿನ ಲೈಟ್ ಸ್ವಿಚ್ ಕೆಟ್ಟರೂ ಸಸ್ಪೆನ್ಷನ್ ದೋಷದ ಸಂದೇಶ ಬರುತ್ತದೆ. ದೀಪ ಬಂದಿದೆ, ಗಾಡಿ ಮಾತ್ರ ಎತ್ತರ ಬಿಟ್ಟಿಲ್ಲ ಎಂದರೆ ಈ ಎರಡನ್ನು ನೋಡದೆ ಗಾಡಿಯ ಕೆಳಗೆ ಮಲಗಬಾರದು.

ಗಾಡಿಯ ಕೆಳಗೆ ಮಲಗುವ ಮಾತು ಬಂತು. ಬರಿ ಹವಾದ ಮೇಲೆ ನಿಂತ ಗಾಡಿಯ ಅಡಿಯಲ್ಲಿ ಯಾರೂ ಕೈಯನ್ನಾಗಲಿ ತಲೆಯನ್ನಾಗಲಿ ಇಡಬಾರದು. ಪೈಪು ಬಿಚ್ಚಿದ ಕ್ಷಣ ಎರಡೂವರೆ ಟನ್ ಗಾಡಿ ರಬ್ಬರ್ ಸ್ಟಾಪಿನವರೆಗೆ ಇಳಿಯುತ್ತದೆ. ಬಾಗಿಲು ತೆರೆದಾಗಲೋ ಜ್ಯಾಕ್ ಹಚ್ಚಿದಾಗಲೋ ಕಂಪ್ಯೂಟರ್ ತಾನಾಗಿ ಎತ್ತರ ಬದಲಿಸುವುದೂ ಇದೆ. ಮೊದಲು ಫ್ಯೂಸ್ ಹೊರಗೆ, ಆಮೇಲೆ ಚಾಸಿಗೆ ಸ್ಟ್ಯಾಂಡ್, ಆಮೇಲೆ ಸ್ಪ್ಯಾನರ್. ಹುಡುಗರಿಗೆ ಕೆಲಸ ಕಲಿಸುವವರು ಇದೊಂದನ್ನು ಎಲ್ಲಕ್ಕಿಂತ ಮೊದಲು ಕಲಿಸಲಿ.

ಹವಾದ ಈ ವಿದ್ಯೆ ಜಿಲ್ಲೆಗೆ ಹೊಸದೇನಲ್ಲ. ಬಿ7ಆರ್ ಬಸ್ಸುಗಳನ್ನು ವೋಲ್ವೊ 2001ರಲ್ಲಿ ಭಾರತಕ್ಕೆ ತಂದ ಮೇಲೆ ಏರ್ ಸಸ್ಪೆನ್ಷನ್ ನಮ್ಮ ರಾಜ್ಯದ ದೂರದ ಬಸ್ಸುಗಳಲ್ಲಿ ಮಾಮೂಲಾಯಿತು. ಈಶಾನ್ಯ ಸಾರಿಗೆ ಎಂದು 2000ದಲ್ಲಿ ಹುಟ್ಟಿ ಈಗ ಕಲ್ಯಾಣ ಕರ್ನಾಟಕ ಸಾರಿಗೆಯಾಗಿರುವ ನಿಗಮದ ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ. ಬಸ್ಸಿನಲ್ಲಿ ಹವಾ ಬರುವುದು ಬ್ರೇಕಿಗೆ ಹವಾ ಕೊಡುವ ಎಂಜಿನ್ ಕಂಪ್ರೆಸರ್‌ನಿಂದ. ಬ್ರೇಕಿನ ಪಾಲು ತುಂಬಿದ ಮೇಲೆಯೇ ಬೆಲೋ ಎನ್ನುವ ಹವಾದ ಚೀಲಗಳಿಗೆ ಹೋಗುವಂತೆ ನಡುವೆ ರಕ್ಷಣೆಯ ವಾಲ್ವು ಇರುತ್ತದೆ. ಹೆಚ್ಚಿನವುಗಳಲ್ಲಿ ಎತ್ತರ ಕಾಯುವುದು ಒಂದು ಕಡ್ಡಿಗೆ ಜೋಡಿಸಿದ ಲೆವೆಲಿಂಗ್ ವಾಲ್ವು. ಬಸ್ಸು ವಾಲಿದರೆ ಬಲ್ಲ ಮೆಕ್ಯಾನಿಕ್ ಮೊದಲು ಎಂಜಿನ್ ಬಂದ್ ಮಾಡಿ ಸುಸ್ ಎನ್ನುವ ಸದ್ದಿಗೆ ಕಿವಿ ಕೊಡುತ್ತಾನೆ, ಆಮೇಲೆ ಆ ಕಡ್ಡಿ ಬಾಗಿದೆಯೇ ನೋಡುತ್ತಾನೆ, ಆಮೇಲೆ ಬೆಲೋ. ಟ್ಯಾಂಕಿನ ನೀರು ಬಿಡುವುದು, ಡ್ರೈಯರ್ ಬದಲಿಸುವುದು ಅವನಿಗೆ ದಿನನಿತ್ಯದ ಕೆಲಸ. ಕಾರಿನ ಮೆಕ್ಯಾನಿಕ್ ಬಳಿ ಸ್ಕ್ಯಾನರ್ ಇದೆ, ಹವಾದ ಅನುಭವ ಕಡಿಮೆ. ಬಸ್ಸು ಲಾರಿಯವನಿಗೆ ಹವಾ ಗೊತ್ತು, ಸ್ಕ್ಯಾನರ್ ಬಳಕೆಯಿಲ್ಲ. ಒಂದೇ ಊರಿನಲ್ಲಿರುವ ಈ ಇಬ್ಬರು ಒಬ್ಬರನ್ನೊಬ್ಬರು ಕೇಳಿಕೊಂಡರೆ ಹೈದರಾಬಾದಿಗೆ ಹೋಗುವ ಎಷ್ಟೋ ಗಾಡಿಗಳು ಇಲ್ಲೇ ರಿಪೇರಿಯಾಗುತ್ತವೆ. ಕಲಬುರಗಿಯ ಸರಕಾರಿ ಟೂಲ್ ರೂಮ್, ಐಟಿಐಗಳ ಮೋಟಾರು ವಿಭಾಗದ ಹುಡುಗರಿಗೆ ಇಂಥದೊಂದು ಚಿಕ್ಕ ತರಬೇತಿ ಸಿಗಬೇಕು ಎಂಬುದು ನನ್ನ ಬಲವಾದ ಆಸೆ.

ದಾರಿ ನಡುವೆ ಗಾಡಿ ಕುಂತರೆ ಪಂಕ್ಚರ್ ಅಂಗಡಿ ಆಪತ್ತಿಗೆ ಒದಗಬಲ್ಲದು. ಪ್ರತಿ ಮೂಲೆಯ ಪೈಪಿಗೆ ಮೊದಲೇ ಟಿ ಜೋಡಿಸಿ ಟೈರಿನಂಥ ವಾಲ್ವು ಹಾಕಿಸಿಟ್ಟುಕೊಂಡವರು ಅಲ್ಲಿ ಹವಾ ತುಂಬಿಸಿ, ಫ್ಯೂಸ್ ತೆಗೆದು, ನಿಧಾನವಾಗಿ ಊರು ಸೇರುತ್ತಾರೆ. ದೂರದ ಹಳ್ಳಿಗಳಲ್ಲಿ ಇಂಥ ಗಾಡಿ ಇಟ್ಟುಕೊಂಡವರು ಇದನ್ನು ಮಾಡಿಸಿಕೊಳ್ಳುವುದೇ ಜಾಣತನ.

ಹವಾ ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಸಿದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ಸೋರಿಕೆಯ ಕಾಟ ತಪ್ಪುವುದು ನಿಜ. ಜೊತೆಗೆ ಎತ್ತರ ಏರಿಸುವ ಅನುಕೂಲವೂ ಹೋಗುತ್ತದೆ, ಭಾರಕ್ಕೆ ತಕ್ಕಂತೆ ಮಟ್ಟ ಕಾಯುವುದೂ ಹೋಗುತ್ತದೆ. ಹೊಲದ ಬದುವಿನಲ್ಲಿ ಒಂದು ಚಕ್ರ ಎದ್ದಾಗ ಎಡಬಲದ ಚೀಲಗಳ ಹವಾ ಒಂದಕ್ಕೊಂದು ಹರಿದು ಚಕ್ರಗಳಿಗೆ ನೆಲದ ಹಿಡಿತ ಕೊಡುವ ಏರ್ಪಾಡೂ ಇರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ಹೊರತಾದ ಬದಲಾವಣೆಗಳನ್ನು ತಡೆಯುತ್ತದೆ, ಆದ್ದರಿಂದ ಆರ್‌ಟಿಒ ಮತ್ತು ವಿಮೆಯವರನ್ನು ಕೇಳದೆ ಕೈ ಹಾಕಬಾರದು. ಹದಿನೈದು ವರ್ಷ ದಾಟಿದ, ನಾಲ್ಕೂ ಚೀಲ ಮುಗಿದ, ಹೆದ್ದಾರಿಗಷ್ಟೇ ಬಳಸುವ ಗಾಡಿಯಾದರೆ ಕಾಯಿಲ್ ಬಗ್ಗೆ ಯೋಚಿಸಬಹುದು. ಒಂದು ಮೂಲೆ ಸೋರಿತೆಂದು ಇಡೀ ಏರ್ಪಾಡು ಕೀಳುವುದು ನಷ್ಟದ ಬಾಬತ್ತು.

ಚೀಲವನ್ನೋ ಸೆನ್ಸರನ್ನೋ ಬದಲಾಯಿಸಿದ ಮೇಲೆ ಬಹಳ ಜನ ಬಿಡುವ ಕೊನೆಯ ಕೆಲಸ ಕ್ಯಾಲಿಬ್ರೇಷನ್. ಸಮತಟ್ಟು ನೆಲ, ನಾಲ್ಕೂ ಟೈರಿಗೆ ಸರಿಯಾದ ಹವಾ, ಗಾಡಿಯೊಳಗೆ ಯಾರೂ ಇಲ್ಲ. ಹೀಗಿಟ್ಟು ಚಕ್ರದ ನಡುವಿನಿಂದ ಕಮಾನಿನವರೆಗೆ ಅಳೆದ ನಾಲ್ಕು ಅಂಕಿಗಳನ್ನು ಸ್ಕ್ಯಾನರ್ ಮೂಲಕ ಕಂಪ್ಯೂಟರ್‌ಗೆ ತಿಳಿಸಬೇಕು. ಬಿಲ್ಲಿನಲ್ಲಿ ಬಿಡಿಭಾಗದ ಹೆಸರಿನ ಜೊತೆಗೆ ಆ ನಾಲ್ಕು ಅಂಕಿಗಳನ್ನೂ ಬರೆದುಕೊಡುವಂತೆ ಮಾಲೀಕರು ಕೇಳಿ ಪಡೆಯಬೇಕು. ಮುಂದಿನ ಸಲ ಗಾಡಿ ಕುಂತಾಗ ಬೇರೆ ಮಿಸ್ತ್ರಿಯ ಕೈಗೆ ಹೋದರೂ ಅವನು ಟೇಪು ಹಿಡಿದು ಹೋಲಿಸಿ ನೋಡಲು ಮೊದಲ ಲೆಕ್ಕ ಅದೇ ಆಗುತ್ತದೆ.